ಹೆಸರಿನ ಬಾಲ

ನಾಲ್ಕು ವರ್ಷದ ಹಿಂದೆ ಒಂದು ಬೇಸಿಗೆ ಮಧ್ಯಾಹ್ನ, ಜುಬೈಲ್‌ನ ಒಂದು ವರ್ಕ್‌ಶಾಪಿನಲ್ಲಿ ನಾನು ಒಂದು ಹೆಸರನ್ನು ಮುಕ್ಕಾಲು ಭಾಗ ಓದಿ ನಿಲ್ಲಿಸಿಬಿಟ್ಟೆ. ಅಲ್ಲಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಈ ಲೇಖನ ಹುಟ್ಟಿದ್ದು ಅಲ್ಲಿ.

ಹಳೇ ಪ್ಯಾನೆಲ್ ಒಂದರ ಬಾಗಿಲಿಗೆ ಸ್ಟಿಕ್ಕರಿನ ಗಮ್ಮು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಕೆರೆದರೆ ಪೇಂಟ್ ಹೋಗ್ತದೆ. ಫೋರ್‌ಮನ್ "ಎಂಇಕೆ ಹಚ್ಚಿ ಒರೆಸು" ಅಂದ. ಎಂಇಕೆ ಅಂದರೆ ಮೀಥೈಲ್ ಈಥೈಲ್ ಕೀಟೋನ್. ಪೇಂಟು, ಗಮ್ಮು ಕರಗಿಸುವ ದ್ರಾವಕ, ನಮ್ಮ ಕೆಲಸದವರಿಗೆಲ್ಲ ಗೊತ್ತಿರುವ ಸಾಮಾನು. ಪಕ್ಕದಲ್ಲಿ ಫೈಬರ್‌ಗ್ಲಾಸ್ ಕೆಲಸ ಮಾಡುವ ಗ್ಯಾಂಗ್ ಊಟಕ್ಕೆ ಹೋಗಿತ್ತು. ಅವರ ಮೇಜಿನ ಮೇಲೆ ಒಂದು ಬಿಳಿ ಪ್ಲಾಸ್ಟಿಕ್ ಕ್ಯಾನ್. ಲೇಬಲ್ ಮೇಲೆ ಮೀಥೈಲ್ ಈಥೈಲ್ ಕೀಟೋನ್ ಅಂತ ಇತ್ತು. ಅದರ ಮುಂದೆ ಇನ್ನೊಂದು ಪದವೂ ಇತ್ತು, ಆದರೆ ಅದು ಕ್ಯಾನಿನ ದುಂಡಗಿನ ಬದಿಗೆ ಹೊರಳಿಕೊಂಡಿತ್ತು. ನಾನು ತಿರುಗಿಸಿ ನೋಡಲಿಲ್ಲ. ಬೇಕಾದ ಮೂರು ಪದ ಸಿಕ್ಕಿತಲ್ಲ, ಸಾಕು ಅನಿಸಿತು. ಕೈಯಲ್ಲಿ ಗ್ರೈಂಡಿಂಗ್ ಪುಡಿ ಮೆತ್ತಿದ ಬಟ್ಟೆ ಹಿಡಿದು ಮುಚ್ಚಳ ತಿರುವುತ್ತಿದ್ದೆ.

ಅಷ್ಟರಲ್ಲಿ ಹಿಂದಿನಿಂದ ಕೂಗು ಬಂತು. ಸ್ಯಾಂಪಲ್ ಬಾಟಲಿ ತಗೊಂಡು ಹೋಗೋಕೆ ಬಂದಿದ್ದ ಲ್ಯಾಬಿನ ಹಿರಿಯರು, ಮಂಗಳೂರು ಕಡೆಯವರು. "ಏ, ಇಡು ಅದನ್ನು ಕೆಳಗೆ! ಎಂಥ ಓದುವುದು ಮಾರಾಯ ನೀನು, ಬಾಲ ಬಿಟ್ಟು?"

ಆ ಬಾಲ ಪೆರಾಕ್ಸೈಡ್. ಮೀಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್. ರೆಸಿನ್ ಗಟ್ಟಿಯಾಗಲು ಹನಿ ಲೆಕ್ಕದಲ್ಲಿ ಬೆರೆಸುವ ಹಾರ್ಡನರ್. ನೋಡೋಕೆ ಎಂಇಕೆ ತರಾನೇ ನೀರಿನಂತಿರುತ್ತದೆ. ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ತುಕ್ಕಿನ ಪುಡಿ, ಲೋಹದ ಪುಡಿ ಬಿದ್ದರೆ ಒಳಗೊಳಗೇ ಒಡೆಯಲು ಶುರುವಾಗಿ ಕಾವೇರುತ್ತದೆ, ಬೆಂಕಿ ಹತ್ತಬಹುದು. ಅದೇ ಮೇಜಿನ ಮೇಲೆ ಇರುವ ಕೋಬಾಲ್ಟ್ ಆಕ್ಸಿಲರೇಟರ್ ಜೊತೆ ನೇರ ಬೆರೆತರೆ ಸ್ಫೋಟ. ನಾನು ಅದನ್ನು ಕಬ್ಬಿಣದ ಪುಡಿಯ ಬಟ್ಟೆಗೆ ಸುರಿದು, ಮುಖದ ಎದುರು ಹಿಡಿದು ಉಜ್ಜುವವನಿದ್ದೆ.

ಅವರು ಯಾರಿಗೂ ಹೇಳಲಿಲ್ಲ. ಆದರೆ ಮಾರನೇ ಶುಕ್ರವಾರ ಕ್ಯಾಂಪಿನ ಹೊರಗಿನ ಚಹಾ ಅಂಗಡಿಗೆ ಬಾ ಅಂದರು. ಅಂದಿನಿಂದ ಸುಮಾರು ಒಂದೂವರೆ ವರ್ಷ, ರಜೆ ಸಿಕ್ಕ ಶುಕ್ರವಾರವೆಲ್ಲ, ಉದ್ದದ ಹೆಸರುಗಳನ್ನು ತುಂಡು ಮಾಡೋದು ಹೇಗೆ, ಆ ತುಂಡುಗಳು ಎಲ್ಲಿಂದ ಬಂದವು ಅಂತ ಹೇಳಿಕೊಟ್ಟರು. ಆಮೇಲೆ ನಾನೇ ಹುಡುಕಿ ಓದಿದ್ದೂ ಇದೆ. ಓದುತ್ತಾ ಹೋದಂತೆ ಗೊತ್ತಾಗಿದ್ದು, ಈ ಹೆಸರುಗಳಿಗೆ ಒಂದು ಇತಿಹಾಸ ಇದೆ, ಅದು ನಾವೀಗ ಇರುವ ಈ ಮರಳುಗಾಡಿನ ಭಾಷೆಯನ್ನೂ, ನಮ್ಮ ದರ್ಗಾದ ಲೋಬಾನವನ್ನೂ ಮುಟ್ಟಿಕೊಂಡೇ ಬಂದಿದೆ ಅಂತ.

ಅದಕ್ಕೂ ಮುಂಚೆ ನಾನು ಹೆಸರುಗಳಿಂದ ಓಡಿಹೋಗುತ್ತಿದ್ದವನು. ಓದಿದ್ದು ಹತ್ತನೇವರೆಗೆ ಕನ್ನಡ ಮೀಡಿಯಂ, ಆಮೇಲೆ ಭದ್ರಾವತಿ ಕಡೆ ಐಟಿಐ. ಅಲ್ಲಿ ಒಂದು ದಿನ ಟ್ರಾನ್ಸ್‌ಫಾರ್ಮರ್ ಪಾಠದಲ್ಲಿ ಹಳೇ ಕಾಲದ ಎಣ್ಣೆಯ ಹೆಸರು ಜೋರಾಗಿ ಓದು ಅಂದರು: ಪಾಲಿಕ್ಲೋರಿನೇಟೆಡ್ ಬೈಫಿನೈಲ್. ನಾನು ಪಾಲಿ ದಾಟಿ ಕ್ಲೋ ಹತ್ತಿರ ಸಿಕ್ಕಿಕೊಂಡೆ. ಕ್ಲಾಸೆಲ್ಲ ನಕ್ಕಿತು. ಅವತ್ತಿನಿಂದ ಮೊದಲಕ್ಷರದಲ್ಲೇ ಬದುಕಿದೆ: ಪಿಸಿಬಿ, ಪಿವಿಸಿ, ಎಕ್ಸ್‌ಎಲ್‌ಪಿಇ, ಎಸ್‌ಎಫ್6, ಎಂಇಕೆ. ನಮ್ಮಲ್ಲಿ ಮುಕ್ಕಾಲುವಾಸಿ ಜನ ಹೀಗೇ ಅಂದುಕೊಂಡಿದ್ದೀನಿ. ತೊಂದರೆ ಏನಂದ್ರೆ ಮೊದಲಕ್ಷರಗಳು ಬಾಯಿಗೆ ಸುಲಭ, ಜೀವಕ್ಕೆ ಅಲ್ಲ. ಪಿಸಿಬಿ ಅಂದರೆ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್ ಕೂಡ ಹೌದು, 2001ರ ಸ್ಟಾಕ್‌ಹೋಮ್ ಒಪ್ಪಂದದಲ್ಲಿ ಜಗತ್ತೇ ಸೇರಿ ತೊಲಗಿಸಬೇಕೆಂದು ತೀರ್ಮಾನಿಸಿದ ವಿಷದ ಎಣ್ಣೆ ಕೂಡ ಹೌದು. ಎಂಇಕೆ, ಎಂಇಕೆಪಿ ನಡುವೆ ಇರೋದು ಒಂದು ಪಿ.

ಇನ್ನು ಇತಿಹಾಸಕ್ಕೆ ಬರ್ತೀನಿ.

ಇನ್ನೂರೈವತ್ತು ವರ್ಷದ ಹಿಂದೆ ಯುರೋಪಿನಲ್ಲಿ ರಾಸಾಯನಿಕಗಳ ಹೆಸರು ಅಡುಗೆಮನೆಯ ಹೆಸರಿನಂತಿದ್ದವು. ಆಂಟಿಮನಿಯ ಬೆಣ್ಣೆ, ಸತುವಿನ ಹೂವು, ಗಂಧಕದ ಲಿವರ್, ಸೀಸದ ಸಕ್ಕರೆ. ಕಂಡದ್ದನ್ನು ಕಂಡ ಹಾಗೆ ಕರೆದಿದ್ದರು. ಕೇಳೋಕೆ ಚೆಂದ, ಆದರೆ ಒಳಗೆ ಏನಿದೆ ಅಂತ ಹೆಸರು ಹೇಳುತ್ತಿರಲಿಲ್ಲ. ಸೀಸದ ಸಕ್ಕರೆ ನಿಜವಾಗಿಯೂ ಸಿಹಿಯಾಗಿರುತ್ತದೆ, ಹುಳಿ ವೈನ್ ಸಿಹಿ ಮಾಡಲು ಕಲಬೆರಕೆ ಮಾಡುವವರು ಅದನ್ನು ಬಳಸುತ್ತಿದ್ದರು. ಕುಡಿದವರಿಗೆ ಸೀಸದ ವಿಷ. ಹೆಸರಲ್ಲಿ ಸಕ್ಕರೆ ಇತ್ತು, ಅಷ್ಟೆ.

ಇದನ್ನು ಸರಿ ಮಾಡಬೇಕು ಅಂತ ಹಟ ಹಿಡಿದವನು ಗೀಟೋ ದ ಮೊರ್ವೋ ಅಂತ. ಫ್ರಾನ್ಸಿನ ದಿಜೋನ್ ಊರಿನವನು, ವೃತ್ತಿಯಲ್ಲಿ ವಕೀಲ! 1782ರಲ್ಲಿ ಹೊಸ ಹೆಸರುಗಳ ಯೋಜನೆ ಪ್ರಕಟಿಸಿದ. ಆಮೇಲೆ ಪ್ಯಾರಿಸ್‌ಗೆ ಹೋಗಿ ಲವಾಸಿಯೆ, ಬೆರ್ತೊಲೆ, ಫೂರ್‌ಕ್ರುವಾ ಜೊತೆ ಕೂತ. ನಾಲ್ವರೂ ಸೇರಿ 1787ರಲ್ಲಿ ರಾಸಾಯನಿಕಗಳಿಗೆ ಹೆಸರಿಡುವ ವಿಧಾನದ ಪುಸ್ತಕ ತಂದರು. ಅವರ ಉಪಾಯ ಬಹಳ ಸರಳ. ಹೆಸರಿನ ಒಂದು ಭಾಗ ಏನಿದೆ ಅಂತ ಹೇಳಬೇಕು, ಬಾಲ ಎಷ್ಟಿದೆ, ಹೇಗಿದೆ ಅಂತ ಹೇಳಬೇಕು.

ಗಂಧಕವನ್ನೇ ತಗೊಳ್ಳಿ. ಈಗಿನ ರೂಪದಲ್ಲಿ ಸಲ್ಫೈಡ್, ಸಲ್ಫೈಟ್, ಸಲ್ಫೇಟ್. ಮೂರಕ್ಕೂ ತಲೆ ಒಂದೇ. ಡ್ ಅಂತ ಮುಗಿದರೆ ಆಮ್ಲಜನಕ ಇಲ್ಲ. ಐಟ್ ಅಂತ ಮುಗಿದರೆ ಇದೆ, ಕಡಿಮೆ. ಏಟ್ ಅಂತ ಮುಗಿದರೆ ಹೆಚ್ಚು. ಅವರು ಮೊದಲನೆಯದಕ್ಕೆ ಫ್ರೆಂಚಿನಲ್ಲಿ ಸಲ್ಫ್ಯೂರ್ ಅಂದಿದ್ದರು, ಐಟ್ ಮತ್ತು ಏಟ್ ಮಾತ್ರ ಅಂದಿನಿಂದ ಇಂದಿನವರೆಗೂ ಹಾಗೇ ಇವೆ. ಈಗ ನಮ್ಮ ಕೆಲಸಕ್ಕೆ ಹೊಂದಿಸಿ ನೋಡಿ. ಹೈಡ್ರೋಜನ್ ಸಲ್ಫೈಡ್ ಅಂದರೆ ಎಚ್2ಎಸ್. ಗ್ಯಾಸ್ ಪ್ಲಾಂಟಿನಲ್ಲಿ ಅದರ ಅಲಾರಂ ಹೊಡೆದರೆ ಗಾಳಿ ಬರುವ ದಿಕ್ಕು ನೋಡಿಕೊಂಡು ಓಡಬೇಕು. ಕ್ಯಾಲ್ಸಿಯಂ ಸಲ್ಫೇಟ್ ಅಂದರೆ ನಾವು ಫಾಲ್ಸ್ ಸೀಲಿಂಗಿಗೆ ತೂತು ಕೊರೆದು ಲೈಟ್ ಕೂರಿಸುವ ಜಿಪ್ಸಮ್. ಎರಡರಲ್ಲೂ ಅದೇ ಗಂಧಕ.

ಲವಾಸಿಯೆ ಸರ್ಕಾರದ ಪರ ತೆರಿಗೆ ವಸೂಲಿ ಮಾಡುವ ಕಂಪನಿಯ ಪಾಲುದಾರನೂ ಆಗಿದ್ದ. ಆ ಕಾರಣಕ್ಕೆ ಫ್ರೆಂಚ್ ಕ್ರಾಂತಿಯಲ್ಲಿ 1794ರ ಮೇ 8ರಂದು ಅವನ ತಲೆ ಹೋಯಿತು. ಆದರೆ ಅವನು ಮಾಡಿದ ಒಂದು ತಪ್ಪು ಮಾತ್ರ ಇನ್ನೂ ಬದುಕಿದೆ, ಅದೂ ಕನ್ನಡದಲ್ಲಿ. ಎಲ್ಲ ಆಮ್ಲಗಳಲ್ಲೂ ಈ ಅನಿಲ ಇದ್ದೇ ಇರುತ್ತದೆ ಅಂತ ನಂಬಿ ಆಕ್ಸಿಜನ್ ಅಂತ ಹೆಸರಿಟ್ಟ. ಗ್ರೀಕಿನಲ್ಲಿ ಹುಳಿ ಹುಟ್ಟಿಸುವುದು ಅಂತ. 1810ರಲ್ಲಿ ಇಂಗ್ಲೆಂಡಿನ ಡೇವಿ, ಕ್ಲೋರಿನ್ ಒಂದು ಮೂಲವಸ್ತು, ಅದರಲ್ಲಿ ಆಕ್ಸಿಜನ್ ಇಲ್ಲ ಅಂದ. ಹಾಗಾಗಿ ಹೈಡ್ರೋಕ್ಲೋರಿಕ್ ಆಮ್ಲದಲ್ಲೂ ಅದು ಇಲ್ಲ. ಅಷ್ಟರಲ್ಲಿ ಹೆಸರು ನಿಂತುಬಿಟ್ಟಿತ್ತು. ನಮ್ಮವರು ಅದನ್ನೇ ಅರ್ಥ ಹಿಡಿದು ಆಮ್ಲಜನಕ ಅಂತ ಮಾಡಿದರು. ಜಲಜನಕ ಸರಿಯಾದ ಹೆಸರು, ಸುಟ್ಟರೆ ನೀರು ಹುಟ್ಟುತ್ತದೆ. ಆಮ್ಲಜನಕ ಮಾತ್ರ ಇನ್ನೂರು ವರ್ಷ ಹಳೆಯ ತಪ್ಪು. ಶಾಲೆಯಲ್ಲಿ ನಾವು ಅದನ್ನು ಬಾಯಿಪಾಠ ಮಾಡಿದ್ದೀವಿ. ನನಗೇನೂ ಬೇಜಾರಿಲ್ಲ, ಪದ ಚೆನ್ನಾಗೇ ಇದೆ.

ಈಗ ನನ್ನ ಕ್ಯಾನಿನ ಹೆಸರಿಗೆ ಬರೋಣ. ಮೀಥೈಲ್, ಈಥೈಲ್, ಫಿನೈಲ್, ವಿನೈಲ್ ಎಲ್ಲದರ ಕೊನೆಯಲ್ಲಿ ಒಂದು ಐಲ್ ಇದೆಯಲ್ಲ, ಅದನ್ನು ತಂದವರು ಜರ್ಮನಿಯ ವೋಲರ್ ಮತ್ತು ಲೀಬಿಗ್. 1832ರಲ್ಲಿ ಅವರು ಬಾದಾಮಿ ಎಣ್ಣೆಯ ಮೇಲೆ ಕೆಲಸ ಮಾಡುತ್ತಾ, ಎಷ್ಟು ಬದಲಾಯಿಸಿದರೂ ಬದಲಾಗದೆ ಒಟ್ಟಿಗೇ ಓಡಾಡುವ ಪರಮಾಣುಗಳ ಒಂದು ಗುಂಪು ಕಂಡರು. ಅದಕ್ಕೆ ಬೆಂಜಾಯಿಲ್ ಅಂದರು. ಗ್ರೀಕಿನಲ್ಲಿ ಹ್ಯೂಲೆ ಅಂದರೆ ಕಟ್ಟಿಗೆ, ಯಾವುದನ್ನಾದರೂ ಮಾಡಲು ಬೇಕಾದ ಮೂಲದ್ರವ್ಯ ಅಂತಲೂ ಹೌದು. ಎರಡು ವರ್ಷ ಕಳೆಯುವುದರಲ್ಲಿ ಲೀಬಿಗ್ ಈಥರ್‌ನಿಂದ ಈಥೈಲ್ ಮಾಡಿದ. ಅದೇ ಸುಮಾರಿಗೆ ಫ್ರಾನ್ಸಿನ ಡ್ಯುಮಾ ಮತ್ತು ಪೆಲಿಗೋ ಕಟ್ಟಿಗೆಯನ್ನು ಗಾಳಿ ಆಡದಂತೆ ಕಾಯಿಸಿದಾಗ ಬರುವ ಸ್ಪಿರಿಟ್ಟನ್ನು ಪರೀಕ್ಷಿಸಿ ಮೆಥಿಲೀನ್ ಅನ್ನೋ ಪದ ಕಟ್ಟಿದರು. ಮೆಥು ಅಂದರೆ ಗ್ರೀಕಿನಲ್ಲಿ ಮದ್ಯ. ನಮ್ಮ ಸಂಸ್ಕೃತದ ಮಧು ಪದದ ಬಂಧು. ಮೆಥು, ಹ್ಯೂಲೆ: ಕಟ್ಟಿಗೆಯ ಮದ್ಯ. ಅದರಿಂದಲೇ ಮೀಥೈಲ್.

ಕೀಟೋನ್ ಪದದ ಕತೆ ಚಿಕ್ಕದು. ಜರ್ಮನಿಯಲ್ಲಿ ಅಸಿಟೋನಿಗೆ ಅಕೆಟೋನ್ ಅನ್ನುತ್ತಿದ್ದರು. 1848ರಲ್ಲಿ ಗ್ಮೆಲಿನ್ ಅನ್ನುವವನು ಅದರ ಮುಂದಿನ ಅ ಕಿತ್ತು ಕೀಟೋನ್ ಮಾಡಿ, ಆ ಜಾತಿಗೆಲ್ಲ ಹೆಸರಾಗಿ ಕೊಟ್ಟ. ಅಸಿಟೋನಿನ ಮೂಲ ಲ್ಯಾಟಿನ್‌ನ ಹುಳಿ ದ್ರಾಕ್ಷಾರಸ, ಅಂದರೆ ವಿನಿಗರ್.

ಪೆರ್ ಅನ್ನುವುದು ಲ್ಯಾಟಿನ್, ಪೂರ್ತಿಯಾಗಿ, ತುಂಬಿ ತುಳುಕುವಷ್ಟು ಅಂತ. ಪೆರಾಕ್ಸೈಡ್ ಅಂದರೆ ಆಕ್ಸಿಜನ್ ಇರಬೇಕಾದ್ದಕ್ಕಿಂತ ಹೆಚ್ಚಿಗೆ ತುಂಬಿಕೊಂಡು ಕೂತದ್ದು. ಒಂದು ಆಕ್ಸಿಜನ್ ಇನ್ನೊಂದು ಆಕ್ಸಿಜನ್ನಿನ ಕೈ ಹಿಡಿದಿರುತ್ತದೆ, ಆ ಹಿಡಿತ ಬಲು ಸಡಿಲ. ಬಿಟ್ಟರೆ ಶಾಖ. ಅಂದರೆ ನನಗೆ ಬೇಕಾಗಿದ್ದ ಎಚ್ಚರಿಕೆ ಹೆಸರಲ್ಲೇ ಬರೆದಿತ್ತು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ, ಗಲ್ಫಿನಲ್ಲಿ ಇರುವವರಿಗೆ ಇಷ್ಟ ಆಗ್ತದೆ. ಆ ಬೆಂಜಾಯಿಲ್, ಬೆಂಜೀನ್ ಎಲ್ಲ ಎಲ್ಲಿಂದ ಬಂತು ಗೊತ್ತಾ? ಲುಬಾನ್ ಜಾವಿ ಅಂತ ಅರಬ್ ವ್ಯಾಪಾರಿಗಳು ಒಂದು ಧೂಪದ ಅಂಟು ಮಾರುತ್ತಿದ್ದರು, ಜಾವಾ ಕಡೆಯ ಲೋಬಾನ ಅಂತ. ನಮ್ಮೂರ ದರ್ಗಾದಲ್ಲಿ ಕೆಂಡದ ಮೇಲೆ ಹಾಕುವ ಅದೇ ಲೋಬಾನ. ಯುರೋಪಿನವರ ಕಿವಿಗೆ ಮೊದಲಿನ ಲು ತಮ್ಮ ಭಾಷೆಯ ಉಪಪದದಂತೆ ಕೇಳಿ, ಅದನ್ನು ಬಿಟ್ಟರು. ಬಾನ್ ಜಾವಿ, ಬೆಂಜೂಯಿ, ಬೆಂಜೋಯಿನ್ ಆಯಿತು. ಅದರಿಂದ ಬೆಂಜೋಯಿಕ್ ಆಮ್ಲ, ಆ ಆಮ್ಲದಿಂದ ಬೆಂಜೀನ್. ನಾನು ಹೆಸರಿನ ಬಾಲ ಬಿಟ್ಟೆ, ಅವರು ತಲೆಯನ್ನೇ ಬಿಟ್ಟರು! ಆಲ್ಕೋಹಾಲ್ ಕೂಡ ಇಲ್ಲಿನದೇ, ಅಲ್ ಕುಹ್ಲ್, ಕಣ್ಣಿಗೆ ಹಚ್ಚುವ ಸುರ್ಮಾ. ನುಣ್ಣಗೆ ಅರೆದ ಪುಡಿ ಅನ್ನುವ ಅರ್ಥ ಮೊದಲು, ಆಮೇಲೆ ಯಾವುದರದ್ದಾದರೂ ಸಾರ, ಆಮೇಲೆ ಮದ್ಯಸಾರ. ಇಲ್ಲಿನ ಸೂಕ್‌ನಲ್ಲಿ ಈಗಲೂ ಕುಹ್ಲ್ ಚಿಕ್ಕ ಡಬ್ಬಿಯಲ್ಲಿ ಸಿಗುತ್ತದೆ, ನಮ್ಮ ತಂಗಿಗೆ ತಗೊಂಡು ಹೋಗಿದ್ದೆ. ಅನಿಲಿನ್ ಅಂತೂ ನಮ್ಮದೇ. 1840ರ ಸುಮಾರಿಗೆ ನೀಲಿ ಗಿಡದ ಬಣ್ಣದಿಂದ ತೆಗೆದ ದ್ರವ, ಪೋರ್ಚುಗೀಸರ ಅನಿಲ್, ಅದರ ಹಿಂದೆ ಅರಬ್ಬಿಯ ಅನ್ನೀಲ್, ಅದರ ಹಿಂದೆ ನೀಲ.

ತುಂಡುಗಳು ಹೀಗೆ ಒಂದೊಂದಾಗಿ ಕೂಡಿದವು. ಆದರೆ ಜೋಡಿಸುವ ನಿಯಮ ಇರಲಿಲ್ಲ. ಅದಕ್ಕೆ ಮೊದಲ ದಾರಿ ತೋರಿಸಿದವನು ಹಾಫ್‌ಮನ್. ಇಪ್ಪತ್ತು ವರ್ಷ ಲಂಡನ್‌ನಲ್ಲಿ ಪಾಠ ಮಾಡಿದ ಜರ್ಮನ್, ಅಂದರೆ ಒಂದು ಲೆಕ್ಕದಲ್ಲಿ ನಮ್ಮ ಹಾಗೆ ಪರದೇಶದಲ್ಲಿ ದುಡಿದವನು. 1866ರಲ್ಲಿ ಪ್ರಕಟವಾದ ಅವನ ಯೋಜನೆಯನ್ನು ಓದಿದಾಗ ನನಗೆ ನಗು ಬಂತು, ಯಾಕಂದ್ರೆ ಅದು ಅಕ್ಷರಶಃ ಕಾಗುಣಿತ. ವ್ಯಂಜನ ಹಾಗೇ ಇಟ್ಟು ಸ್ವರ ಬದಲಾಯಿಸುತ್ತಾ ಹೋಗೋದು. ಇಂಗ್ಲಿಷಿನ ಎ, ಇ, ಐ, ಒ, ಯು ಕ್ರಮದಲ್ಲಿ ಏನ್, ಈನ್, ಐನ್, ಓನ್, ಊನ್. ಒಂದೊಂದು ಮೆಟ್ಟಿಲು ಇಳಿದಾಗಲೂ ಎರಡೆರಡು ಹೈಡ್ರೋಜನ್ ಕಡಿಮೆ. ಮೊದಲ ಮೂರು ಉಳಿದುಕೊಂಡವು. ಓನ್ ಬೇರೆ ಕೆಲಸಕ್ಕೆ ಹೋಯಿತು, ಊನ್ ಊರು ಬಿಟ್ಟಿತು.

ಈಥೇನ್, ಈಥೀನ್, ಈಥೈನ್. ಮೂರರಲ್ಲೂ ಎರಡು ಕಾರ್ಬನ್. ಹೈಡ್ರೋಜನ್ ಮಾತ್ರ ಆರು, ನಾಲ್ಕು, ಎರಡು. ಜುಬೈಲ್‌ನಲ್ಲಿ ಕೆಲಸ ಮಾಡಿದವರಿಗೆ ಮೂರೂ ಗೊತ್ತು, ಬೇರೆ ಹೆಸರಲ್ಲಿ. ಈಥೇನ್ ನೆಲದಡಿಯ ಗ್ಯಾಸಿನಿಂದ ಬರುವ ಕಚ್ಚಾವಸ್ತು. ಅದನ್ನು ಕುಲುಮೆಯಲ್ಲಿ ಒಡೆದರೆ ಈಥೀನ್, ಅಂದರೆ ನಾವು ಹೇಳುವ ಎಥಿಲೀನ್. ಅದನ್ನು ಸರಪಳಿ ಮಾಡಿದರೆ ಪಾಲಿಎಥಿಲೀನ್, ಆ ಸರಪಳಿಗಳಿಗೆ ಅಡ್ಡ ಕೊಂಡಿ ಹಾಕಿದರೆ ನಾನು ದಿನಾ ಚಾಕು ಹಾಕಿ ಬಿಡಿಸುವ ಎಕ್ಸ್‌ಎಲ್‌ಪಿಇ ಕೇಬಲ್. ಈಥೈನ್ ಅಂದರೆ ವೆಲ್ಡಿಂಗ್‌ನವರ ಅಸಿಟಿಲೀನ್ ಸಿಲಿಂಡರ್. ಒಂದು ಕಾಗುಣಿತದಲ್ಲಿ ಅರ್ಧ ಊರಿನ ಉದ್ಯೋಗ.

1892ರಲ್ಲಿ ಜಿನೀವಾದಲ್ಲಿ 9 ದೇಶಗಳ 34 ಜನ ರಸಾಯನಶಾಸ್ತ್ರಜ್ಞರು ಸಭೆ ಸೇರಿ ಇದಕ್ಕೆಲ್ಲ ಕಾನೂನು ಮಾಡಿದರು. ಅತಿ ಉದ್ದದ ಕಾರ್ಬನ್ ಸರಪಳಿ ಹಿಡಿ, ಅದರ ಹೆಸರು ಹೇಳು, ಕೊಂಬೆಗಳನ್ನು ಮುಂದೆ ಸೇರಿಸು, ಸ್ವಭಾವವನ್ನು ಬಾಲದಲ್ಲಿ ಹೇಳು. ಮದ್ಯಸಾರದ ಜಾತಿಯಾದರೆ ಆಲ್, ಕೀಟೋನಿನ ಜಾತಿಯಾದರೆ ಓನ್. 1919ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಒಕ್ಕೂಟ ಈಗಲೂ ಅದನ್ನೇ ತಿದ್ದಿ ತೀಡಿ ನಡೆಸುತ್ತಿದೆ. ಆ ಕಾನೂನಿನ ಪ್ರಕಾರ ನನ್ನ ಎಂಇಕೆ ಹೆಸರು ಬ್ಯೂಟನೋನ್. ಬ್ಯೂಟ್ ಅಂದರೆ ಬೆಣ್ಣೆ, ಮೊದಲು ಬೆಣ್ಣೆಯ ಆಮ್ಲದಲ್ಲಿ ಸಿಕ್ಕ ನಾಲ್ಕು ಕಾರ್ಬನ್ ಸರಪಳಿ. ಆದರೆ ಸ್ಟೋರಿಗೆ ಹೋಗಿ ಬ್ಯೂಟನೋನ್ ಕೊಡಿ ಅಂದರೆ ಸ್ಟೋರ್‌ಕೀಪರ್ ನಿಮ್ಮ ಮುಖ ನೋಡ್ತಾನೆ. ಕಾನೂನು ಮಾಡಿದವರ ಹೆಸರು ಪುಸ್ತಕಕ್ಕೆ, ದುಡಿಯುವವರ ಹೆಸರು ಡ್ರಮ್ಮಿಗೆ.

ಇನ್ನು ಉಚ್ಚಾರ. ಹಿರಿಯರು ಹೇಳಿಕೊಟ್ಟಿದ್ದರಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ಇಂಗ್ಲಿಷ್ ಮಾತಿನಲ್ಲಿ ಒಂದು ಪದದಲ್ಲಿ ಒಂದು ಕಡೆ ಗುದ್ದು ಬೀಳುತ್ತದೆ, ಉಳಿದ ಅಕ್ಷರಗಳು ಬಾಯಲ್ಲೇ ಮುದುಡಿಕೊಳ್ಳುತ್ತವೆ. ಮೀಥೈಲ್‌ನಲ್ಲಿ ಮೀ ಮೇಲೆ, ಕೀಟೋನ್‌ನಲ್ಲಿ ಕೀ ಮೇಲೆ, ಪೆರಾಕ್ಸೈಡ್‌ನಲ್ಲಿ ರಾ ಮೇಲೆ. ಪದ ಬೆಳೆದರೆ ಗುದ್ದು ಜಾಗ ಬದಲಾಯಿಸುತ್ತದೆ: ಪಾಲಿಮರ್ ಅಂದಾಗ ಪಾ ಮೇಲೆ, ಪಾಲಿಮೆರಿಕ್ ಅಂದಾಗ ಮೆ ಮೇಲೆ. ಅದರ ಮೇಲೆ ದೇಶ ದೇಶಕ್ಕೆ ಬೇರೆ. ಬ್ರಿಟಿಷ್ ಇನ್‌ಸ್ಪೆಕ್ಟರ್ ಮೀಥೈಲ್ ಅಂತಾನೆ, ಅಮೆರಿಕನ್ ಇಂಗ್ಲಿಷ್ ಕಲಿತ ಫಿಲಿಪಿನೋ ಮೆಥಿಲ್ ಅಂತಾನೆ. ಮ್ಯಾನ್‌ಹೋಲ್ ಬಾಯಲ್ಲಿ ಗ್ಯಾಸ್ ಟೆಸ್ಟ್ ಮಾಡುವಾಗ ಒಬ್ಬ ಮೀಥೇನ್ ಅಂತ ಕೂಗಿ, ಇನ್ನೊಬ್ಬ ಮೆಥೇನ್ ಅಂತ ಬರೆದುಕೊಂಡು, ನಾನು ಎರಡು ಬೇರೆ ಬೇರೆ ಗ್ಯಾಸ್ ಅಂದುಕೊಂಡಿದ್ದೆ.

ಗುದ್ದು ಬೀಳುವುದು ಮುಂದೆ ಅಥವಾ ನಡುವೆ, ಅರ್ಥ ಬದಲಾಗುವುದು ಬಾಲದಲ್ಲಿ. ಐಡ್, ಐಟ್, ಏಟ್. ಏನ್, ಈನ್, ಐನ್. ಪುಸ್ತಕದಲ್ಲಿ ಓದುವವರಿಗೆ ಇದು ಸರಿ. ಲವಾಸಿಯೆ, ಹಾಫ್‌ಮನ್ ಎಲ್ಲ ಕಾಗದದ ಮೇಲೆ ಯೋಚಿಸಿದವರು. ವಾಕಿಟಾಕಿಯ ಗರಗರ ಸದ್ದಿನಲ್ಲಿ, ಕಂಪ್ರೆಸರ್ ಪಕ್ಕ ನಿಂತು, ನೈಟ್ರೇಟೋ ನೈಟ್ರೈಟೋ ಅಂತ ಕೇಳಿಸಿಕೊಳ್ಳಬೇಕಾದ ಕೂಲಿಯವರ ಬಗ್ಗೆ ಅವರು ಯೋಚಿಸಿರಲಿಕ್ಕಿಲ್ಲ. ಪ್ಲಾಂಟುಗಳಲ್ಲಿ ಈಥೀನ್ ಅನ್ನದೆ ಎಥಿಲೀನ್, ಈಥೈನ್ ಅನ್ನದೆ ಅಸಿಟಿಲೀನ್ ಅಂತ ಹಳೇ ಹೆಸರುಗಳನ್ನೇ ಉಳಿಸಿಕೊಂಡಿರುವುದಕ್ಕೆ ಇದೂ ಒಂದು ಕಾರಣ ಇರಬೇಕು ಅಂತ ನನ್ನ ಅನಿಸಿಕೆ. ಕಿವಿಗೆ ಅವು ದೂರ ದೂರ ಇವೆ.

ಆದರೆ ಈ ವಿಷಯದಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. ನಮ್ಮ ನಾಲಿಗೆ ಎಲ್ಲ ಅಕ್ಷರಕ್ಕೂ ಪೂರ್ತಿ ಕೂಲಿ ಕೊಡುತ್ತದೆ. ಐಟಿಐಯಲ್ಲಿ ಯಾವುದಕ್ಕೆ ನಕ್ಕರೋ, ಆ ಬಿಡಿಸಿ ಬಿಡಿಸಿ ಓದುವುದೇ ಇಲ್ಲಿ ಸುರಕ್ಷಿತ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆಯಲ್ಲ, ಲಘು ಗುರು? ಒಂದು ಶುಕ್ರವಾರ ಪೇಪರ್ ಕಪ್ಪಿನ ಮೇಲೆ ಆ ಹೆಸರಿಗೆ ಪ್ರಸ್ತಾರ ಹಾಕಿದೆ. ಮೀಥೈಲ್ ಈಥೈಲ್ ಕೀಟೋನ್: ಸಾಲಾಗಿ ಆರು ಗುರು. ಆಮೇಲೆ ಪೆ, ಇಡೀ ಹೆಸರಿನಲ್ಲಿ ಇರುವ ಒಂದೇ ಒಂದು ಲಘು. ಹಿರಿಯರಿಗೆ ತೋರಿಸಿದೆ. "ಅಲ್ಲಿಯೇ ಕಾಲು ಜಾರುವುದು, ನೋಡು" ಅಂದರು.

ಸಂಧಿಯೂ ಇದೆ. ಮೋನೋ ಮತ್ತು ಆಕ್ಸೈಡ್ ಸೇರಿ ಮೊನಾಕ್ಸೈಡ್, ಪೆಂಟಾ ಮತ್ತು ಆಕ್ಸೈಡ್ ಸೇರಿ ಪೆಂಟಾಕ್ಸೈಡ್. ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆದ ಹಾಗೆ, ಲೋಪಸಂಧಿ. ಡೈ ಆಕ್ಸೈಡ್‌ನಲ್ಲಿ ಮಾತ್ರ ಏನೂ ಹೋಗುವುದಿಲ್ಲ. ಜನರೇಟರ್ ರೂಮಿನಲ್ಲಿ ಕೊಲ್ಲುವ ಮೊನಾಕ್ಸೈಡ್‌ಗೂ, ಬೆಂಕಿ ಆರಿಸುವ ಸಿಲಿಂಡರಿನ ಡೈ ಆಕ್ಸೈಡ್‌ಗೂ ಇರುವ ವ್ಯತ್ಯಾಸ ಲೆಕ್ಕದ ಆ ಒಂದು ತುಂಡು. ಸಮಾಸವಂತೂ ಸರಿಯಾಗಿ ಹೊಂದುತ್ತದೆ. ಎಣ್ಣೆದೀಪ ಅಂದರೆ ದೀಪ, ದೀಪದೆಣ್ಣೆ ಅಂದರೆ ಎಣ್ಣೆ. ತತ್ಪುರುಷದಲ್ಲಿ ಉತ್ತರಪದ ಪ್ರಧಾನ ಅಂತ ಕನ್ನಡ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದರು. ಅದು ನೆನಪಿದ್ದಿದ್ದರೆ ಕೀಟೋನ್ ಪೆರಾಕ್ಸೈಡ್ ಅಂದರೆ ಕೀಟೋನ್ ಅಲ್ಲ, ಪೆರಾಕ್ಸೈಡ್ ಅಂತ ಕ್ಯಾನ್ ಮುಟ್ಟುವ ಮೊದಲೇ ಗೊತ್ತಾಗಬೇಕಿತ್ತು.

ಯಾವಾಗಲೂ ಬಾಲವೇ ಅಂತಲೂ ಅಲ್ಲ. ಈಥೈಲ್ ಆಲ್ಕೋಹಾಲ್, ಮೀಥೈಲ್ ಆಲ್ಕೋಹಾಲ್. ಜಿನೀವಾ ಹೆಸರಲ್ಲಿ ಎಥನಾಲ್, ಮೆಥನಾಲ್. ಇಲ್ಲಿ ಬಾಲ ಒಂದೇ, ಮುಂದಿನ ಒಂದು ಮ ಮಾತ್ರ ಹೆಚ್ಚು. ಬ್ರಿಟನ್‌ನಲ್ಲಿ 1855ರಿಂದ ಕಾರ್ಖಾನೆಗೆ ಹೋಗುವ ಸ್ಪಿರಿಟ್ಟಿಗೆ ತೆರಿಗೆ ಬಿಟ್ಟು, ಯಾರೂ ಕುಡಿಯಬಾರದು ಅಂತ ಬೇಕೆಂದೇ ಕಟ್ಟಿಗೆ ಸ್ಪಿರಿಟ್ ಬೆರೆಸಲು ಶುರು ಮಾಡಿದರು. ಅದೇ ಮೆಥಿಲೇಟೆಡ್ ಸ್ಪಿರಿಟ್. ಬಣ್ಣ, ವಾಸನೆಯಲ್ಲಿ ಎರಡನ್ನೂ ಬೇರೆ ಮಾಡುವುದು ಬಹಳ ಕಷ್ಟ. ಒಳಗೆ ಹೋದ ಮೆಥನಾಲ್ ಮೊದಲು ಫಾರ್ಮಾಲ್ಡಿಹೈಡ್ ಆಗಿ, ಆಮೇಲೆ ಫಾರ್ಮಿಕ್ ಆಮ್ಲ ಆಗಿ ಕಣ್ಣಿನ ನರವನ್ನು ಸುಡುತ್ತದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮೀಥೈಲ್ ಆಲ್ಕೋಹಾಲ್ ಬೆರೆತ ಅಗ್ಗದ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ನಮ್ಮಂಥವರೇ, ದಿನಗೂಲಿಯವರು. ಅವರಿಗೆ ಓದಲು ಲೇಬಲ್ ಕೂಡ ಇರಲಿಲ್ಲ.

ಇಲ್ಲಿ ಮದ್ಯ ನಿಷೇಧ. ಅದಕ್ಕೇ ಕ್ಯಾಂಪುಗಳಲ್ಲಿ ಕೆಲವರು ಕದ್ದು ಏನೇನೋ ಮಾಡ್ತಾರೆ, ಎಲ್ಲಿಂದಲೋ ತರ್ತಾರೆ, ನಿಮಗೂ ಗೊತ್ತು ನನಗೂ ಗೊತ್ತು. ಒಂದು ರಾತ್ರಿ ಪಕ್ಕದ ರೂಮಿನ ಹುಡುಗ ಒಬ್ಬ ಬಾಟಲಿ ಹಿಡಿದು ಬಂದ. ಲ್ಯಾಬಿನ ಸ್ಪಿರಿಟ್ ಅಂತೆ, ಶುದ್ಧ ಅಂತೆ. ಲೇಬಲ್ ಅರ್ಧ ಹರಿದಿತ್ತು. ಉಳಿದಿದ್ದು ಆಲ್ಕೋಹಾಲ್ ಅನ್ನುವ ಬಾಲ ಮಾತ್ರ, ತಲೆ ಇರಲಿಲ್ಲ. ನಾನು ಬಾಟಲಿ ಕಿತ್ತುಕೊಂಡು ಹೊರಗಿನ ಮರಳಿಗೆ ಸುರಿದೆ. ಅವನು ನನ್ನ ಜೊತೆ ಎರಡು ತಿಂಗಳು ಮಾತಾಡಲಿಲ್ಲ. ಅದು ಎಥನಾಲೋ ಮೆಥನಾಲೋ, ಇವತ್ತಿಗೂ ಗೊತ್ತಿಲ್ಲ.

ಲ್ಯಾಬಿನ ಹಿರಿಯರು ಕಳೆದ ವರ್ಷ ರಿಟೈರ್ ಆಗಿ ಊರಿಗೆ ಹೋದರು. ಆಗಾಗ ಫೋನ್ ಮಾಡ್ತೀನಿ. ಈಗ ನನ್ನ ಕೈಕೆಳಗೆ ಮೂವರು ಹೊಸ ಹುಡುಗರಿದ್ದಾರೆ, ಒಬ್ಬ ಹಾವೇರಿಯವನು, ಒಬ್ಬ ಬಿಹಾರದವನು, ಒಬ್ಬ ನೇಪಾಳದವನು. ಬೆಳಿಗ್ಗೆ ಬಸ್ಸು ಪ್ಲಾಂಟ್ ಮುಟ್ಟಲು ನಲವತ್ತು ನಿಮಿಷ ಬೇಕು. ಅಷ್ಟರಲ್ಲಿ ನಾನು ಮೊಬೈಲಿನಲ್ಲಿ ತೆಗೆದ ಯಾವುದಾದರೂ ಲೇಬಲ್ ಫೋಟೋ ತೋರಿಸ್ತೀನಿ. ಕೊನೆಯಿಂದ ಮೊದಲು ಓದಬೇಕು, ಆಮೇಲೆ ಮೊದಲಿನಿಂದ ಕೊನೆಗೆ, ಅದು ನಮ್ಮ ನಿಯಮ. ಹಾವೇರಿ ಹುಡುಗ ಮೊನ್ನೆ ಒಂದು ಹೆಸರು ಓದಿ, "ಅಣ್ಣಾ, ಇದು ಓದೂದ್ರಾಗ ಬಸ್ ಇಳಿಯೋ ಹೊತ್ತು ಬರ್ತೈತಿ" ಅಂದ. ಬಂದಿತ್ತು ಕೂಡ. ಇಳಿದು ಗೇಟಿನ ಸಾಲಿನಲ್ಲಿ ನಿಂತುಕೊಂಡು ಉಳಿದದ್ದನ್ನು ಓದಿ ಮುಗಿಸಿದ.